ನಾಲ್ಕು ಕೆಂಪು, ಮೂರು ಕಪ್ಪು

ನಾನು ಪರಮಾಣು. ನಿಜವಾದದ್ದಲ್ಲ, ಮರದ್ದು. ನಿಜವಾದದ್ದು ಯಾರ ಕಣ್ಣಿಗೂ ಕಾಣುವುದಿಲ್ಲ, ಆದರೂ ಅದನ್ನು ಎಲ್ಲರೂ ನಂಬುತ್ತಾರೆ. ನಾನೋ ಕುಂಬಳಕಾಯಿಯಷ್ಟು ಅಗಲವಾಗಿ ಎದುರಿಗೇ ಕೂತಿರುತ್ತೇನೆ, ನನ್ನನ್ನು ಮಾತ್ರ ಯಾರೂ ನಂಬಲಿಲ್ಲ. ನಲವತ್ತೈದು ವರ್ಷ ನನ್ನನ್ನು 'ತಪ್ಪು ಮಾಡೆಲ್ಲು' ಎಂದೇ ಕರೆದರು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿದ ಮೇಲೆ ಹೇಳಿದರೆ ಕಥೆ ಸಪ್ಪೆಯಾಗುತ್ತದೆ, ಅದಕ್ಕೇ ಈಗಲೇ ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಗಫಾರ್ ಸಾಬರ ಲೇತಿನ ಮೇಲೆ. ಅದಕ್ಕೂ ಮುಂಚೆ ಒಂದು ಆಲೆ ಮರದ ಕೊಂಬೆಯಾಗಿದ್ದೆ. ಸಾಬರು ಕೊಂಬೆಯನ್ನು ತುಂಡು ಮಾಡಿ, ಲೇತಿಗೆ ಕಚ್ಚಿಸಿ, ಉಳಿ ಹಿಡಿದು ಗುಂಡುಗಳನ್ನು ಕಡೆದರು. ಗರಗರ ತಿರುಗುವ ಗುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಬಣ್ಣ ಕರಗಿ ಮೈಗೆ ಹತ್ತುತ್ತದೆ. ಆಮೇಲೆ ತಾಳೆಗರಿಯಲ್ಲಿ ತಿಕ್ಕಿ ಹೊಳಪು ಕೊಡುತ್ತಾರೆ. ಅಷ್ಟು ಚೆಂದವಾಗಿ ನನ್ನನ್ನು ಆಮೇಲೆ ಯಾರೂ ಮುಟ್ಟಿಲ್ಲ.

ನನ್ನನ್ನು ಮಾಡಿಸಿದವರು ಚೆಲುವಯ್ಯ ಮೇಷ್ಟ್ರು. ಹತ್ತಿರದ ಒಂದು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಆಗ ಅವರಿಗೆ ಇಪ್ಪತ್ತೆಂಟು ವರ್ಷ, ಮೂಗಿನ ತುದಿಯಲ್ಲೇ ಕೋಪ. ಜಿಲ್ಲಾ ವಿಜ್ಞಾನ ವಸ್ತುಪ್ರದರ್ಶನಕ್ಕೆ ಎಲ್ಲ ಶಾಲೆಯವರೂ ರಟ್ಟಿನಲ್ಲಿ, ಥರ್ಮಾಕೋಲಿನಲ್ಲಿ ಮಾಡಿಕೊಂಡು ಬಂದರೆ ತಾವು ಮಾತ್ರ ಅರಗು ಬಣ್ಣದ ಲೀಥಿಯಂ ಪರಮಾಣು ತೆಗೆದುಕೊಂಡು ಹೋಗಿ ಬಹುಮಾನ ಹೊಡೆಯಬೇಕೆಂದು ಅವರ ಆಸೆ. ಒಂದು ಕಾಗದದ ಮೇಲೆ ಬರೆದು ತಂದರು. ನಡುವೆ ನ್ಯೂಕ್ಲಿಯಸ್ಸು: ಪ್ರೋಟಾನಿಗೆ ಮೂರು ಕೆಂಪು ಗುಂಡು, ನ್ಯೂಟ್ರಾನಿಗೆ ನಾಲ್ಕು ಕಪ್ಪು ಗುಂಡು. ಸುತ್ತಲೂ ಎರಡು ತಂತಿ ಬಳೆ, ಬಳೆಗಳ ಮೇಲೆ ಎಲೆಕ್ಟ್ರಾನಿಗೆ ಮೂರು ಸಣ್ಣ ನೀಲಿ ಮಣಿ. ಹೊರಡುವಾಗ ಒಂದು ಮಾತನ್ನು ಒತ್ತಿ ಹೇಳಿದರು. ಕೆಂಪು ಎಷ್ಟೋ ನೀಲಿಯೂ ಅಷ್ಟೇ ಇರಬೇಕು, ಅದೊಂದು ಮಾತ್ರ ಮರೆಯಬೇಡಿ ಎಂದು.

ಗಫಾರ್ ಸಾಬರು ಮರೆಯಲಿಲ್ಲ. ಆದರೆ ಅವರಿಗೆ ಅವರ ಉಸ್ತಾದರು ಕಲಿಸಿದ ಇನ್ನೊಂದು ಪಾಠವೂ ಇತ್ತು. ಆ ಲೇತಿನ ಮನೆಯಲ್ಲಿ ಮೂವತ್ತು ವರ್ಷದಿಂದ ತೊಟ್ಟಿಲಿಗೆ ಕಟ್ಟುವ ಗುಂಡು, ಗಿಲಕಿ, ತಳ್ಳುಗಾಡಿ ಮಾಡುತ್ತಿದ್ದರು. ಮಕ್ಕಳ ಕೈಗೆ ಹೋಗುವ ಸಾಮಾನಿನಲ್ಲಿ ಕಪ್ಪು ಕೆಂಪಿಗಿಂತ ಹೆಚ್ಚಿರಬಾರದು, ಇದು ಅಲ್ಲಿನ ಕಟ್ಟಳೆ. ದೃಷ್ಟಿಗೆಂದು ಕಪ್ಪು ಬೇಕು, ಆದರೆ ಒಂದಾದರೂ ಕಡಿಮೆ ಬೇಕು. ಮೇಷ್ಟರ ಚೀಟಿ ನೋಡಿ ಸಾಬರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. ಓದಿದವರು, ಪಾಪ, ಗೊತ್ತಾಗಿಲ್ಲ ಎಂದುಕೊಂಡು ನಾಲ್ಕು ಕೆಂಪು, ಮೂರು ಕಪ್ಪು ಮಾಡಿದರು. ಕೆಂಪು ನಾಲ್ಕಾಯಿತಲ್ಲ, ಮೇಷ್ಟರ ಮಾತು ಉಳಿಸಬೇಕಲ್ಲ, ನೀಲಿಯನ್ನೂ ನಾಲ್ಕು ಮಾಡಿದರು. ಒಳಬಳೆಗೆ ಎರಡು, ಹೊರಬಳೆಗೆ ಎರಡು ಮಣಿ ಪೋಣಿಸಿ, ತಂತಿಯ ತುದಿಗಳನ್ನು ತಿರುಚಿ, ಹಳೇ ಪೇಪರಿನಲ್ಲಿ ಸುತ್ತಿ ಇಟ್ಟರು. ನನ್ನ ಇಡೀ ಬಾಳಿನ ಹಣೆಬರಹ ಅಷ್ಟರಲ್ಲಿ ಮುಗಿದಿತ್ತು.

ಮೇಷ್ಟ್ರು ಪೇಪರು ಬಿಚ್ಚಿ ನೋಡಿಕೊಂಡು ಹೋಗಿದ್ದರೆ ಆಗುತ್ತಿತ್ತು. ನೋಡಲಿಲ್ಲ. ಪ್ರದರ್ಶನದ ದಿನ ಬಸ್ಸಿನ ಗಡಿಬಿಡಿ, ನೇರ ಮೇಜಿನ ಮೇಲೆ ತಂದು ಬಿಚ್ಚಿದರು. ಮುಂದೆ 'ಲೀಥಿಯಂ' ಎಂದು ದಪ್ಪ ಅಕ್ಷರದ ಚೀಟಿ ನಿಲ್ಲಿಸಿದರು. ತೀರ್ಪುಗಾರರಾಗಿ ಬಂದಿದ್ದ ಒಬ್ಬರು ಪೆನ್ನಿನ ತುದಿಯಿಂದ ನನ್ನನ್ನು ಎಣಿಸಿದರು. ಕೆಂಪು ನಾಲ್ಕು ಇದ್ದ ಮೇಲೆ ಇದು ಲೀಥಿಯಂ ಅಲ್ಲ, ಬೆರಿಲಿಯಂ ಎಂದರು. ಬೆರಿಲಿಯಂ ಎನ್ನೋಣವೆಂದರೆ ಪುಸ್ತಕದಲ್ಲಿ ಅದಕ್ಕೆ ಐದು ನ್ಯೂಟ್ರಾನು, ಇಲ್ಲಿ ಮೂರೇ ಇವೆ ಎಂದರು. ಆಮೇಲೆ ಮಕ್ಕಳ ಮುಂದೆ, ಬೇರೆ ಶಾಲೆಯ ಮೇಷ್ಟರುಗಳ ಮುಂದೆ, ನಕ್ಕುಕೊಂಡು ಒಂದು ಮಾತು ಹೇಳಿದರು.

"ಹೀಗೊಂದು ಪರಮಾಣು ಈ ಲೋಕದಲ್ಲೇ ಇಲ್ಲ ಕಣ್ರೀ."

ಚೆಲುವಯ್ಯ ಮೇಷ್ಟರ ಕಿವಿ ಕೆಂಪಾಯಿತು. ಅಲ್ಲಿಂದ ಸೀದಾ ಚನ್ನಪಟ್ಟಣಕ್ಕೆ ಹೋಗಿ ಸಾಬರ ಮೇಲೆ ಕೂಗಾಡಿದರು. ಸಾಬರು ಬೇಸರ ಮಾಡಿಕೊಳ್ಳಲಿಲ್ಲ. ಬಿಟ್ಟು ಹೋಗಿ, ಒಂದು ಕೆಂಪಿನ ಮೇಲೆ ಕಪ್ಪು ಅರಗು ಏರಿಸಿ ಕೊಡುತ್ತೇನೆ, ಒಂದು ನೀಲಿ ತೆಗೆದುಬಿಡುತ್ತೇನೆ, ಅರ್ಧ ಗಂಟೆ ಕೆಲಸ ಎಂದರು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಒಂದು ಕೆಂಪು ಕಪ್ಪಾಗಬೇಕು, ಒಂದು ನೀಲಿ ಇಲ್ಲವಾಗಬೇಕು, ಆಗ ನಾನು ಲೀಥಿಯಂ. ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ನನ್ನನ್ನು ಚೀಲಕ್ಕೆ ತುರುಕಿಕೊಂಡು ಹೊರಟುಬಂದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಅಲ್ಲಿಂದ ಮುಂದೆ ಆ ಶಾಲೆಯ ಕೊತ್ತಿ ನಾನೇ ಆದೆ.

ಬೇರೆ ಮಾಡೆಲ್ಲು ಶಾಲೆಯಲ್ಲಿ ಇರಲಿಲ್ಲವಾದ್ದರಿಂದ ಪಾಠಕ್ಕೆ ನನ್ನನ್ನೇ ತರುತ್ತಿದ್ದರು. ಮೇಜಿನ ಮೇಲೆ ಕುಕ್ಕುತ್ತಿದ್ದರು. ಇದು ನ್ಯೂಕ್ಲಿಯಸ್ಸು, ಇದು ಎಲೆಕ್ಟ್ರಾನು, ಬಳೆ ಹೇಗೆ ಸುತ್ತುತ್ತದೆ ನೋಡಿಕೊಳ್ಳಿ, ಒಳಗಿನದನ್ನು ಎಣಿಸಬೇಡಿ ಎನ್ನುತ್ತಿದ್ದರು. ಮಕ್ಕಳಿಗೆ ಎಣಿಸಬೇಡ ಎಂದರೆ ಎಣಿಸದೆ ಬಿಡುತ್ತವೆಯೇ? ಪ್ರದರ್ಶನದ ಕಥೆ ಇಡೀ ಶಾಲೆಗೆ ಗೊತ್ತಿತ್ತು. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗುತ್ತಿದ್ದವು.

ನಗದೆ ಎಣಿಸಿದವಳು ಒಬ್ಬಳೇ, ಹತ್ತನೇ ತರಗತಿಯ ಚಿಕ್ಕತಾಯಮ್ಮ. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಎರಡು ಜಡೆ, ಕೈಯಲ್ಲಿ ಸದಾ ಒಂದು ಸೀಸದ ಕಡ್ಡಿಯ ಚೂರು. ಒಂದು ದಿನ ಎದ್ದು ನಿಂತಳು.

"ಸಾ, ಪ್ಲಸ್ಸು ಮೈನಸ್ಸು ಒಂದನ್ನೊಂದು ಎಳೀತವೆ ಅಂತ ನೀವೇ ಹೇಳ್ಕೊಟ್ರಿ. ಹಂಗಿದ್ರೆ ಈ ನೀಲಿ ಯಾಕೆ ಒಳಕ್ಕೆ ಬೀಳಲ್ಲ?"

"ಬೀಳಲ್ಲ. ಅದರ ದಾರೀಲಿ ಅದು ಸುತ್ತುತ್ತೆ."

"ಒಳಕ್ಕೆ ಹೋದ್ರೆ ಏನಾಯ್ತದೆ ಸಾ?"

"ಹೋಗಲ್ಲ ಅಂದ್ನಲ್ಲ. ಕೂತ್ಕೋ."

ಕೂತಳು. ಆದರೆ ಪ್ರಶ್ನೆ ಕೂರಲಿಲ್ಲ. ಆ ಹುಡುಗಿಯ ಮುಖ ನೋಡಿದರೇ ನನಗೆ ಗೊತ್ತಾಗುತ್ತಿತ್ತು. ನನ್ನ ನಡುವಿನ ಗೊಂಚಲನ್ನು ಅವಳು ಹಾಗೆ ದಿಟ್ಟಿಸುತ್ತಿದ್ದಳು. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಪ್ರಯೋಗಾಲಯಕ್ಕೆ ಒಬ್ಬಳೇ ಬಂದಳು. ಒಳಬಳೆಯ ತಂತಿಯ ತಿರುಚು ಬಿಚ್ಚಿದಳು. ಒಂದು ನೀಲಿ ಮಣಿ ತೆಗೆದು, ಏಳು ಗುಂಡುಗಳ ನಡುವಿನ ಸಂದಿಗೆ ಇಟ್ಟು ಹೆಬ್ಬೆರಳಿನಿಂದ ಒತ್ತಿದಳು. ಮಣಿ ಟಕ್ಕೆಂದು ಒಳಗೆ ಹೋಗಿ ಕೂತಿತು. ಮೊದಲ ಸಲ ನನ್ನ ಹೊಟ್ಟೆಯೊಳಗೆ ಏನೋ ಹೊಕ್ಕಿತು, ಮತ್ತೆ ಎಂದೂ ಈಚೆ ಬರಲಿಲ್ಲ.

ಚಿಕ್ಕತಾಯಮ್ಮ ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕಿದಳು. ಹೊರಗೆ ಉಳಿದ ನೀಲಿ ಮೂರು. ಕಣ್ಣು ಅಗಲವಾಯಿತು. ಗಂಟೆ ಹೊಡೆದು ಮೇಷ್ಟ್ರು ಒಳಗೆ ಬಂದು, ಹುಡುಗರೆಲ್ಲ ಬಂದು ಕೂರುವವರೆಗೂ ನನ್ನ ಪಕ್ಕದಲ್ಲೇ ನಿಂತಿದ್ದಳು. ಎಲ್ಲರ ಎದುರಿಗೆ ಹೇಳಿಯೇಬಿಟ್ಟಳು.

"ಸಾ, ಒಂದು ಕೆಂಪು ಒಂದು ನೀಲಿ ಸೇರ್ಕಂಡ್ರೆ ಪ್ಲಸ್ಸೂ ಹೋಯ್ತು, ಮೈನಸ್ಸೂ ಹೋಯ್ತು. ಆ ಕೆಂಪು ಕಪ್ಪಾಗಲ್ವಾ? ಆಗ ಮೂರು ಕೆಂಪು, ನಾಲ್ಕು ಕಪ್ಪು, ಹೊರಗೆ ಮೂರು ನೀಲಿ. ನೀವು ಮಾಡ್ಸಕ್ಕೆ ಹೇಳಿದ್ದ ಲೀಥಿಯಂ ಇದೇ ಅಲ್ವಾ ಸಾ?"

ಆ ಹುಡುಗಿ ಹದಿನೈದನೇ ವಯಸ್ಸಿಗೆ, ಒಂದು ಮರದ ಆಟಿಕೆ ಇಟ್ಟುಕೊಂಡು, ತಾನಾಗೇ ಎಲ್ಲಿಗೆ ಬಂದು ಮುಟ್ಟಿದ್ದಳು ಎಂಬುದು ಆಗ ಆ ಕೋಣೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಹಿಂದಿನ ಬೆಂಚು ಗೊಳ್ಳೆಂದು ನಕ್ಕಿತು. ಮೇಷ್ಟರಿಗೆ ಕೇಳಿಸಿದ್ದು ಆ ನಗು ಮಾತ್ರ. ಪ್ರದರ್ಶನದ ಗಾಯಕ್ಕೆ ಈ ಹುಡುಗಿ ಉಪ್ಪು ಸವರುತ್ತಿದ್ದಾಳೆ ಎಂದುಕೊಂಡರು. ಬಿಚ್ಚಿದ ಬಳೆಯನ್ನೂ ಒಳಗೆ ಸಿಕ್ಕಿಕೊಂಡ ಮಣಿಯನ್ನೂ ನೋಡಿದರು.

"ಹೊರಗೆ ನಿಂತ್ಕೋ," ಎಂದರು.

ಒಂದು ದಿನದ ಶಿಕ್ಷೆಯಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಶಾಲೆಯ ಸಾಮಾನು ಹಾಳು ಮಾಡಿದವಳು ಪ್ರಯೋಗಾಲಯದ ಹೊಸಿಲು ದಾಟಕೂಡದು ಎಂದು ಪರೀಕ್ಷೆಯವರೆಗೂ ಕಟ್ಟು ಮಾಡಿದರು. ವಿಜ್ಞಾನದ ಪಾಠ ನಡೆಯುತ್ತಿದ್ದುದೆಲ್ಲ ಅಲ್ಲೇ. ಆರು ತಿಂಗಳು ಅವಳು ಜಗಲಿಯಲ್ಲಿ ಕಿಟಕಿಯ ಸರಳು ಹಿಡಿದು ನಿಂತು ಪಾಠ ಕೇಳಿದಳು. ಕೈ ಎತ್ತಿದ್ದು ಮತ್ತೆ ನಾನು ಕಾಣಲಿಲ್ಲ. ನಾನು ಮೇಜಿನ ಮೇಲೆ ಕೂತು, ಅಮ್ಮಾ ಹುಡುಗಿ, ನೀನು ಹೇಳಿದ್ದು ಸರಿ ಇರಬಹುದು, ಇನ್ನೊಮ್ಮೆ ಕೇಳು ಎಂದು ಕೂಗಬೇಕೆನ್ನುತ್ತಿದ್ದೆ. ಮರಕ್ಕೆ ಬಾಯೆಲ್ಲಿ?

ಮಾರನೆಯ ವರ್ಷ ನನ್ನನ್ನು ಬೀರುವಿಗೆ ಹಾಕಿದರು. ಎಡಕ್ಕೆ ಗಾಜಿನ ಶೀಶೆಯಲ್ಲಿ ಒಂದು ಚೇಳು, ಬಲಕ್ಕೆ ಮುಳ್ಳು ಬಿದ್ದುಹೋದ ತಕ್ಕಡಿ. ಚೇಳಿಗಾದರೂ ಶೀಶೆಯ ಮೇಲೆ ಸರಿಯಾದ ಹೆಸರಿನ ಚೀಟಿ ಇತ್ತು. ಚೆಲುವಯ್ಯ ಮೇಷ್ಟ್ರು ವರ್ಗವಾಗಿ ಹೋದರು, ಊರಿಗೆ ತಿರುಗಿ ಬಂದದ್ದು ನಿವೃತ್ತರಾದ ಮೇಲೆಯೇ. ಗಫಾರ್ ಸಾಬರು ತೀರಿಕೊಂಡರೆಂದು ಯಾರೋ ಹೇಳುತ್ತಿದ್ದುದು ಬೀರುವಿನ ಬಾಗಿಲ ಸಂದಿಯಿಂದ ಕೇಳಿಸಿತು. ನನ್ನನ್ನು ತಪ್ಪು ಮಾಡಿದ ಕೈ ಅದು ಎಂದು ಎಲ್ಲರ ಮನಸ್ಸಿನಲ್ಲೂ ಉಳಿದಿತ್ತು. ಅವರು ಆ ಮಾತು ಹೊತ್ತುಕೊಂಡೇ ಹೋದರು ಎನ್ನುವುದು ನನಗೆ ಇವತ್ತಿಗೂ ತಡೆಯಲಾಗದ ಸಂಕಟ.

ನಾನು ಬೀರು ಸೇರಿ ಹದಿನೈದು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಬೀರುವಿನ ಬಾಗಿಲು ತೆರೆಯಿತು. ಒದ್ದೆ ಬಟ್ಟೆ ಹಿಡಿದು ಒಬ್ಬ ಹೆಂಗಸು ನಿಂತಿದ್ದಳು. ನನ್ನನ್ನು ಈಚೆ ತೆಗೆದು, ಧೂಳು ಊದಿ, ಗೊಂಚಲಿನ ಸಂದಿಯಲ್ಲಿ ಬೆರಳಾಡಿಸಿದಳು. ಸಿಕ್ಕಿಕೊಂಡ ನೀಲಿ ಮಣಿ ಬೆರಳಿಗೆ ತಗುಲಿತು. ಹಾಗೇ ನಿಂತುಬಿಟ್ಟಳು. ಚಿಕ್ಕತಾಯಮ್ಮ! ಅವಳ ಗಂಡ ಪುಟ್ಟಸ್ವಾಮಿ ಇದೇ ಶಾಲೆಯಲ್ಲಿ ಅಟೆಂಡರ್ ಆಗಿದ್ದ. ಕಾಮಾಲೆಯಲ್ಲಿ ಹೋಗಿಬಿಟ್ಟ. ಅನುಕಂಪದ ಮೇಲೆ ಆ ಕೆಲಸ ಇವಳಿಗೆ ಸಿಕ್ಕಿತ್ತು. ಯಾವ ಕೋಣೆಯ ಹೊಸಿಲು ದಾಟಬೇಡ ಎಂದಿದ್ದರೋ ಅದೇ ಕೋಣೆಯ ಬೀಗದ ಕೈ ಈಗ ಇವಳ ಸೊಂಟದಲ್ಲಿತ್ತು.

ಅಂದಿನಿಂದ ವಾರಕ್ಕೊಮ್ಮೆ ನನ್ನ ಧೂಳು ಒರೆಸುತ್ತಿದ್ದಳು. ಒರೆಸುತ್ತ ತನ್ನ ಪಾಡಿಗೆ ಮಾತಾಡಿಕೊಳ್ಳುತ್ತಿದ್ದಳು. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಅಷ್ಟು ಹತ್ರ ಸುತ್ತೋದು ಯಾವತ್ತಾದ್ರೂ ಒಳಕ್ಕೆ ಹೋಗ್ದೆ ಇರ್ತದಾ?" ಎನ್ನುತ್ತಿದ್ದಳು. ನನಗೆ ಖುಷಿಯೂ ಆಗುತ್ತಿತ್ತು, ಸಂಕಟವೂ ಆಗುತ್ತಿತ್ತು. ಸಂಕಟವೇ ಹೆಚ್ಚು.

ಹೊಸ ವಿಜ್ಞಾನದ ಮೇಷ್ಟ್ರು ಬಂದಾಗಲೆಲ್ಲ, ನಾಲ್ಕು ದಿನ ಬಿಟ್ಟು, ಟೀ ಲೋಟ ಇಡುತ್ತ ಮೆಲ್ಲಗೆ ಕೇಳುತ್ತಿದ್ದಳು: ಎಲೆಕ್ಟ್ರಾನು ನ್ಯೂಕ್ಲಿಯಸ್ ಒಳಗೆ ಹೋದರೆ ಏನಾಗುತ್ತದೆ? ಒಬ್ಬರು, ನಿಮಗ್ಯಾಕಮ್ಮ ಅದೆಲ್ಲ, ಸಕ್ಕರೆ ಸ್ವಲ್ಪ ಕಮ್ಮಿ ಹಾಕಿ ಎಂದರು. ಇನ್ನೊಬ್ಬರು ಪರೀಕ್ಷೆಗೆ ಬರುವುದಿಲ್ಲ ಎಂದರು, ಯಾವ ಪರೀಕ್ಷೆಗೋ ದೇವರಿಗೇ ಗೊತ್ತು. ಮೂರನೆಯವರು ಗೊತ್ತಿಲ್ಲ ಎನ್ನಲು ನಾಚಿಕೊಂಡು, ಹಾಗೇನಾದರೂ ಆದರೆ ನ್ಯೂಕ್ಲಿಯಸ್ಸು ಒಡೆದು ಬಾಂಬಾಗುತ್ತದೆ, ಊರೇ ಇರುವುದಿಲ್ಲ ಎಂದು ಕೈ ಬೀಸಿದರು. ಅವರ ಹಿಂದಿನ ಬೀರುವಿನಲ್ಲೇ, ಹೊಟ್ಟೆಯೊಳಗೆ ನೀಲಿ ಮಣಿ ಇಟ್ಟುಕೊಂಡು ನಾನು ತಣ್ಣಗೆ ಕೂತಿದ್ದೆ.

ಇದನ್ನೇ ಕೈಯಲ್ಲಿ ಬೆಣ್ಣೆ ಹಿಡಿದುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಎನ್ನುತ್ತಾರೆ. ಅವಳು ಅಲೆದಳು, ಒಂದಲ್ಲ ಎರಡಲ್ಲ, ಮೂವತ್ತು ವರ್ಷ. ತಾನು ಅವತ್ತು ಹೇಳಿದ್ದು ಪೆದ್ದು ಮಾತೋ ಅಲ್ಲವೋ, ಅಷ್ಟನ್ನು ತಿಳಿದುಕೊಂಡರೆ ಸಾಕಿತ್ತು ಅವಳಿಗೆ. ಬೇರೆ ಏನನ್ನೂ ಕೇಳುತ್ತಿರಲಿಲ್ಲ.

ಕಳೆದ ವರ್ಷ ಅವಳಿಗೆ ಅರವತ್ತು ತುಂಬಿತು. ತಿಂಗಳ ಕೊನೆಗೆ ನಿವೃತ್ತಿ. ಅದೇ ತಿಂಗಳು ಶಾಲೆಗೆ ಪೆಟ್ಟಿಗೆಗಟ್ಟಲೆ ಪ್ಲಾಸ್ಟಿಕ್ಕಿನ ಹೊಸ ವಿಜ್ಞಾನ ಸಾಮಾನು ಬಂತು. ಹೆಡ್‌ಮಾಸ್ತರು ಬೀರುಗಳನ್ನೆಲ್ಲ ಖಾಲಿ ಮಾಡಿಸಿ, ಹಳೆಯದನ್ನು ಗುಜರಿಗೆ ಹಾಕಿ ಎಂದು ಅಪ್ಪಣೆ ಮಾಡಿದರು.

ಆಗ ವಿಜ್ಞಾನಕ್ಕೆ ಇದ್ದವರು ಸುಜಯಾ ಎಂಬ ಅತಿಥಿ ಶಿಕ್ಷಕಿ. ಅವರ ಕೆಲಸವೂ ಮಾರ್ಚಿಗೆ ಮುಗಿಯುವಂಥದ್ದು. ಶುಕ್ರವಾರ ಚಿಕ್ಕತಾಯಮ್ಮ ಟೀ ಲೋಟ ಇಟ್ಟು ಅದೇ ಪ್ರಶ್ನೆ ಕೇಳಿದಳು. ಕೊನೆಯ ಸಲ ಎಂದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು. ಸುಜಯಾ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಗೊತ್ತಿಲ್ಲ ತಾಯಮ್ಮಕ್ಕ. ಕಾಲೇಜಲ್ಲಿ ಓದಿದ್ದೆ ಅನ್ಸುತ್ತೆ, ತಲೆಗೆ ಹೋಗಿರ್ಲಿಲ್ಲ. ಓದ್ಕೊಂಡು ಬಂದು ಸೋಮವಾರ ಹೇಳ್ಲಾ?"

ಗೊತ್ತಿಲ್ಲ! ನಲವತ್ತೈದು ವರ್ಷದಲ್ಲಿ ಆ ಕೋಣೆಯಲ್ಲಿ ಒಬ್ಬ ಮೇಷ್ಟರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಅದನ್ನು ಹೇಳಲು ಎಷ್ಟು ಹೊತ್ತು ಬೇಕಾಯಿತು? ಒಂದು ಗುಟುಕು ಟೀ ಕುಡಿಯುವಷ್ಟು.

ಸೋಮವಾರ ಬೆಳಿಗ್ಗೆ ಬೀರು ಖಾಲಿ ಮಾಡಲು ಕೂಲಿಯವರು ಬಂದರು. ಚೇಳಿನ ಶೀಶೆ, ತಕ್ಕಡಿ, ನಾನು, ಎಲ್ಲರನ್ನೂ ಜಗಲಿಯಲ್ಲಿ ಗುಡ್ಡೆ ಹಾಕಿದರು. ಗುಜರಿಯವನು ಗೇಟಿನ ಹತ್ತಿರ ತಳ್ಳುಗಾಡಿ ನಿಲ್ಲಿಸಿ ಚೀಲ ಬಿಡಿಸಿದ. ಅದೇ ಹೊತ್ತಿಗೆ ಒಳಗೆ ಸುಜಯಾ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಗೀಚಿಕೊಂಡು ಚಿಕ್ಕತಾಯಮ್ಮನಿಗೆ ವಿವರಿಸುತ್ತಿದ್ದರು. ಕಿಟಕಿಯಿಂದ ಒಂದೊಂದು ಮಾತೂ ನನಗೆ ಕೇಳಿಸುತ್ತಿತ್ತು. ಹತ್ತನೇ ತರಗತಿಯಲ್ಲಿ ಅವಳು ನಿಂತಿದ್ದ ಜಾಗದಲ್ಲೇ ನಾನು ಬಿದ್ದಿದ್ದೆ.

ಮಾಮೂಲಿಯಾಗಿ ಏನೂ ಆಗುವುದಿಲ್ಲ ಅಕ್ಕ ಎಂದರು ಸುಜಯಾ. ಎಲೆಕ್ಟ್ರಾನು ಬಳೆಯ ಮೇಲೆ ಓಡುವ ಮಣಿಯಲ್ಲ, ಮಂಜು ಕವಿದ ಹಾಗೆ ಹರಡಿಕೊಂಡಿರುತ್ತದೆ, ಆ ಮಂಜು ನ್ಯೂಕ್ಲಿಯಸ್ಸಿನ ಒಳಗೂ ಒಂದಿಷ್ಟು ಇರುತ್ತದೆ. ಬೀಳುವುದು ಎನ್ನುವ ಮಾತೇ ಇಲ್ಲ, ಅದು ಅಲ್ಲಿ ಸುಳಿದಾಡಿಕೊಂಡೇ ಇದೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಂದರೆ ನನ್ನಲ್ಲಿ ನಿಜವಾಗಿ ತಪ್ಪಿರುವುದು ತಂತಿ ಬಳೆಗಳು. ಎಲ್ಲರೂ ಮೆಚ್ಚಿಕೊಂಡಿದ್ದು ಅವನ್ನೇ!

ಆದರೆ ಕೆಲವು ನ್ಯೂಕ್ಲಿಯಸ್ಸುಗಳಲ್ಲಿ ಪ್ರೋಟಾನು ಹೆಚ್ಚು, ನ್ಯೂಟ್ರಾನು ಕಡಿಮೆ ಇರುತ್ತವೆ, ಅವಕ್ಕೆ ನೆಮ್ಮದಿ ಇರುವುದಿಲ್ಲ ಎಂದು ಸುಜಯಾ ಮುಂದುವರಿಸಿದರು. ಅಂಥಲ್ಲಿ ಒಂದು ಪ್ರೋಟಾನು ಒಳಬಳೆಯ ಎಲೆಕ್ಟ್ರಾನನ್ನು ಹಿಡಿದುಕೊಂಡುಬಿಡುತ್ತದೆ. ಪ್ರೋಟಾನು ನ್ಯೂಟ್ರಾನಾಗುತ್ತದೆ. ಎಲೆಕ್ಟ್ರಾನು ಒಳಗೆ ಕೂತಿರುವುದಿಲ್ಲ, ಇಲ್ಲವೇ ಆಗಿಬಿಡುತ್ತದೆ. ನ್ಯೂಟ್ರಿನೋ ಎಂಬ ಒಂದು ಕಣ ಯಾರ ಕೈಗೂ ಸಿಗದೆ ಹೊರಟುಹೋಗುತ್ತದೆ. ಒಳಗೆ ಖಾಲಿಯಾದ ಜಾಗಕ್ಕೆ ಹೊರಗಿನದೊಂದು ಬರುತ್ತದೆ, ಬಸ್ಸಿನಲ್ಲಿ ಸೀಟು ಬಿಟ್ಟರೆ ನಿಂತವರು ಕೂತ ಹಾಗೆ. ಆ ಪರಮಾಣು ಧಾತುಗಳ ಪಟ್ಟಿಯಲ್ಲಿ ಒಂದು ಮನೆ ಹಿಂದಕ್ಕೆ ಹೋಗಿ ಬೇರೆ ಧಾತುವೇ ಆಗುತ್ತದೆ.

"ಈಗ ಬೆರಿಲಿಯಂ ಏಳು ಅಂತ ಒಂದಿದೆ ಅಕ್ಕ. ಮೇಲೆ ಆಕಾಶದಲ್ಲಿ ಹುಟ್ಟಿ ಮಳೆ ಜೊತೆ ಕೆಳಗೆ ಬರುತ್ತೆ. ನಾಲ್ಕು ಪ್ರೋಟಾನು, ಮೂರು ನ್ಯೂಟ್ರಾನು. ಅದು ತನ್ನದೇ ಒಂದು ಎಲೆಕ್ಟ್ರಾನ್ ನುಂಗಿ ಲೀಥಿಯಂ ಆಗುತ್ತೆ."

ಒಳಗೆ ಕುರ್ಚಿ ಸರಿದ ಸದ್ದಾಯಿತು.

"ಮಿಸ್, ಇನ್ನೊಂದ್ಸಲ ಹೇಳಿ. ನಾಲ್ಕು ಕೆಂಪು, ಮೂರು ಕಪ್ಪಾ?"

ಸುಜಯಾ ಉತ್ತರ ಕೊಡುವಷ್ಟರಲ್ಲಿ ಚಿಕ್ಕತಾಯಮ್ಮ ಜಗಲಿಗೆ ಬಂದಿದ್ದಳು. ನಾನು ಜಗಲಿಯಲ್ಲಿ ಇರಲಿಲ್ಲ. ಗುಜರಿಯವನು ನನ್ನನ್ನು ಆಗಲೇ ಚೀಲಕ್ಕೆ ಎಸೆದು, ಮೇಲೆ ತಕ್ಕಡಿ ಹಾಕಿದ್ದ. ಅರವತ್ತರ ಹೆಂಗಸು ಗೇಟಿನವರೆಗೂ ಓಡಿದಳು. ಚೀಲದ ಬಾಯಿ ಬಿಚ್ಚಿಸಿ, ಸೊಂಟದವರೆಗೂ ಒಳಗೆ ಬಗ್ಗಿ ಹುಡುಕಿದಳು. ಒಂದು ಬಳೆ ಹಿಡಿದು ಎಳೆದಾಗ ತಂತಿ ಸೊಟ್ಟಗಾಯಿತು. ಆಗಲಿ ಬಿಡಿ, ತಪ್ಪಾಗಿದ್ದದ್ದು ಅದೇ ತಾನೆ?

ಸುಜಯಾ ನನ್ನನ್ನು ಮೇಜಿನ ಮೇಲಿಟ್ಟು, ಸೀಮೆಸುಣ್ಣದ ಚೂರಿನಿಂದ ಒಂದೊಂದೇ ಗುಂಡು ಮುಟ್ಟಿ ಎಣಿಸಿದರು. ಮೇಲಿನಿಂದ, ಕೆಳಗಿನಿಂದ. ನಾಲ್ಕು ಕೆಂಪು, ಮೂರು ಕಪ್ಪು. ಸಂದಿಯಲ್ಲಿ ಕಣ್ಣಿಟ್ಟು ಸಿಕ್ಕಿಕೊಂಡ ಮಣಿಯನ್ನು ನೋಡಿದರು. ಇದನ್ನು ಯಾರು ಒಳಗೆ ಹಾಕಿದ್ದು ಎಂದು ಕೇಳಿದರು. ಚಿಕ್ಕತಾಯಮ್ಮ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ನಾನೇ ಮಿಸ್, ಹತ್ತನೇ ಕ್ಲಾಸಲ್ಲಿ ಎಂದು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಹೆಡ್‌ಮಾಸ್ತರು ಬಂದು ಏನಿದು ಎಂದರು. ಇದೊಂದನ್ನು ನಾನು ಮನೆಗೆ ತೆಗೆದುಕೊಂಡು ಹೋಗುತ್ತೇನೆ ಎಂದು ಅವಳು ಕೇಳಿಕೊಂಡಾಗ, ತಗೊಂಡು ಹೋಗಿ ತಾಯಮ್ಮ, ಹೇಗೂ ತಪ್ಪು ಮಾಡೆಲ್ಲಂತಲ್ಲ ಎಂದರು. ಅಷ್ಟು ಹೊತ್ತಿಗೂ!

ಅವಳು ಮನೆಗೆ ಹೋಗಲಿಲ್ಲ. ಸಂಜೆ ನನ್ನನ್ನು ಒಂದು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಊರಿನ ಇನ್ನೊಂದು ಕೊನೆಗೆ, ಹಳೇ ಅಂಚೆ ಕಚೇರಿಯ ಹಿಂದಿನ ಬೀದಿಗೆ ನಡೆದಳು. ಚೆಲುವಯ್ಯ ಮೇಷ್ಟರ ಮನೆ ಅಲ್ಲಿ. ಸೊಸೆ ಬಾಗಿಲು ತೆಗೆದು, ಮಾವ, ಸ್ಕೂಲಿನಿಂದ ತಾಯಮ್ಮನವರು ಬಂದವ್ರೆ ಎಂದು ಕೂಗಿ ಒಳಗೆ ಹೋದರು. ಮೇಷ್ಟ್ರು ಬಾಗಿಲ ಪಕ್ಕದ ಕುರ್ಚಿ ಮೇಲೆ ಕೂತಿದ್ದರು. ಎಪ್ಪತ್ತು ದಾಟಿದೆ, ದಪ್ಪ ಕನ್ನಡಕ, ಮೂಗಿನ ತುದಿಯ ಕೋಪ ಮಾತ್ರ ಹಾಗೇ ಇದ್ದಂತೆ ಕಂಡಿತು. ಅಟೆಂಡರ್ ಕೆಲಸದ ಅಭ್ಯಾಸ, ಚಿಕ್ಕತಾಯಮ್ಮ ಹೊಸಿಲಿನಾಚೆಯೇ ನಿಂತು, ಕೈ ಚಾಚಿ ನನ್ನನ್ನು ಅವರ ಮಡಿಲಿಗೆ ಕೊಟ್ಟಳು.

"ಇದಿನ್ನೂ ಇದೆಯಾ? ತಪ್ಪು ಮಾಡೆಲ್ಲು," ಎಂದರು ಮೇಷ್ಟ್ರು.

"ಒಳಗಿಂದು ಎಣಿಸಿ ಸಾ."

ಎಣಿಸಬೇಡಿ ಎಂದು ಹೇಳಿಕೊಂಡೇ ಕಾಲ ಕಳೆದ ಮನುಷ್ಯ, ಕನ್ನಡಕ ಮೇಲೆತ್ತಿ, ಉಗುರಿನಿಂದ ಒಂದೊಂದೇ ಗುಂಡು ಮುಟ್ಟುತ್ತ ಎಣಿಸಿದರು. ಅವಳು ಸುಜಯಾ ಹೇಳಿದ್ದನ್ನೆಲ್ಲ ತನ್ನ ಮಾತಿನಲ್ಲಿ ಹೇಳಿದಳು. ಬೆರಿಲಿಯಂ ಏಳು, ಆಕಾಶ, ಮಳೆ, ಒಳಬಳೆಯ ಎಲೆಕ್ಟ್ರಾನು, ಕೆಂಪು ಕಪ್ಪಾಗುವುದು. ಎಲ್ಲೂ ತಡವರಿಸಲಿಲ್ಲ. ಒಂದು ಕಡೆ ಮಾತ್ರ ತನ್ನನ್ನೇ ತಿದ್ದಿಕೊಂಡಳು: ಸೇರಿಕೊಂಡು ಒಳಗೇ ಕೂತಿರುತ್ತದೆ ಅಂದುಕೊಂಡಿದ್ದೆ ಸಾ, ಹಾಗಲ್ಲವಂತೆ, ಅದು ಇಲ್ಲವೇ ಆಗುತ್ತದಂತೆ ಎಂದಳು. ಮೇಷ್ಟ್ರು ಇನ್ನೊಂದು ಸಲ ಎಣಿಸಿದರು. ಗಫಾರ್ ಸಾಬರಿಗೆ ಅವತ್ತು ಏನೇನೋ ಅಂದುಬಿಟ್ಟೆ ಎಂದರು. ಆಮೇಲೆ ಮೊಮ್ಮಗಳ ಸ್ಕೆಚ್ ಪೆನ್ನು ತೆಗೆದುಕೊಂಡರು, ಕಪ್ಪು ಬಣ್ಣದ್ದು. ಒಂದು ಕೆಂಪು ಗುಂಡನ್ನು ಕಪ್ಪು ಮಾಡುತ್ತೇನೆ, ಆಗ ಸರಿಯಾಗಿ ಲೀಥಿಯಂ ಆಗುತ್ತದೆ ಎಂದರು.

"ಬ್ಯಾಡಿ ಸಾ," ಎಂದಳು ಚಿಕ್ಕತಾಯಮ್ಮ. "ಇದು ತಪ್ಪಲ್ಲ. ಹಿಂಗೇ ಇರ್ಲಿ."

ಈ ಒಂದು ಮಾತಿಗಾಗಿ ನಾನು ಹುಟ್ಟಿದಾಗಿನಿಂದ ಕಾದಿದ್ದೆ.

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. ತಲೆ ಎತ್ತಿ ಅವಳನ್ನು ನೋಡಿದರು. ಆಗಲೇ ಅವರಿಗೆ ಕಂಡದ್ದು, ಅವಳು ಇಷ್ಟು ಹೊತ್ತೂ ಬಾಗಿಲ ಚೌಕಟ್ಟು ಹಿಡಿದು ಹೊಸಿಲಿನಾಚೆ ನಿಂತೇ ಇದ್ದಳೆಂದು.

"ಇನ್ನೂ ಹೊರಗೇ ನಿಂತಿದೀಯಾ?" ಎಂದರು. "ಒಳಗೆ ಬಾ. ಬಂದು ಕೂತ್ಕೋ."

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಸೊಸೆ ಎರಡು ಲೋಟ ಕಾಫಿ ತಂದಿಟ್ಟರು. ತಪ್ಪಾಯಿತು ಎಂಬ ಮಾತು ಮೇಷ್ಟರ ಬಾಯಿಂದ ಬರಲಿಲ್ಲ, ಬರುತ್ತದೆಂದು ನಾನು ನೆಚ್ಚಿಕೊಂಡೂ ಇರಲಿಲ್ಲ. ಅವರು ನನ್ನನ್ನು ಮಡಿಲಲ್ಲಿ ತಿರುಗಿಸುತ್ತ ಇದ್ದರು, ಅವರಿಗೆ ಏನೋ ಹೊಳೆದಂತಾಯಿತು. ಶಿಷ್ಯೆಯನ್ನು ಕೇಳಿದರು.

"ಆ ನ್ಯೂಟ್ರಿನೋ ಅಂದ್ಯಲ್ಲ, ಅದು ಎಲ್ಲಿಗೆ ಹೋಗುತ್ತೆ?"

ಚಿಕ್ಕತಾಯಮ್ಮ ಕಾಫಿ ಲೋಟ ಕೆಳಗಿಟ್ಟಳು.

"ಗೊತ್ತಿಲ್ಲ ಸಾ. ನಾಳೆ ಮಿಸ್ಸನ್ನ ಕೇಳ್ಕಂಡು ಬತ್ತೀನಿ."

ಅವಳು ಹೋಗುವಾಗ ನನ್ನನ್ನು ಅಲ್ಲೇ ಬಿಟ್ಟುಹೋದಳು. ಈಗ ನಾನು ಮೇಷ್ಟರ ಮನೆಯ ಕಿಟಕಿಯ ಗೂಡಿನಲ್ಲಿ, ಅವರ ಮಾತ್ರೆಯ ಡಬ್ಬಿಯ ಪಕ್ಕದಲ್ಲಿದ್ದೇನೆ. ಬಣ್ಣ ಅಲ್ಲಲ್ಲಿ ಎದ್ದಿದೆ, ಒಂದು ಬಳೆ ಸೊಟ್ಟ. ಮಳೆ ಬಂದಾಗ ಕಿಟಕಿಯಾಚೆ ನನ್ನ ಬಂಧುಗಳು ಸಾವಿರ ಸಾವಿರವಾಗಿ ಅಂಗಳಕ್ಕೆ ಇಳಿಯುತ್ತಾರಂತೆ. ಅವರಲ್ಲಿ ಅರ್ಧ ಜನ ಐವತ್ತಮೂರು ದಿನದೊಳಗೆ ತಮ್ಮ ಎಲೆಕ್ಟ್ರಾನು ನುಂಗಿ ಲೀಥಿಯಂ ಆಗಿಬಿಡುತ್ತಾರೆ. ನಾನು ನುಂಗಿ ನಲವತ್ತೈದು ವರ್ಷವಾಯಿತು, ಮರವಾಗಿ ಹುಟ್ಟಿದ್ದಕ್ಕೆ ಇನ್ನೂ ಹೀಗೇ ಇದ್ದೇನೆ. ನೆನೆದರೆ ಈಗಲೂ ರೇಗುತ್ತದೆ. ಆದರೆ ವಾರಕ್ಕೆರಡು ಸಂಜೆ ಅವಳು ಬರುತ್ತಾಳೆ. ಬಂದವಳು ಬಾಗಿಲಲ್ಲಿ ನಿಲ್ಲುವುದಿಲ್ಲ, ಸೀದಾ ಒಳಗೆ ಬರುತ್ತಾಳೆ.